ಆರು ಪ್ರತಿ ತರಲು ಹೇಳಿದೆ

ನಾನು ಬಿಟ್ಟುಬಂದ ಕುರ್ಚಿಯಲ್ಲಿ ಈಗ ಕುಳಿತಿರುವ ಹುಡುಗಿ ಹೋದ ತಿಂಗಳು ನಮ್ಮ ಮನೆಗೆ ಬಂದಿದ್ದಳು. ತರಬೇತಿಯಲ್ಲಿ ಅವಳಿಗೆ ಕಾನೂನಿನ ಕಲಮುಗಳನ್ನೆಲ್ಲ ಬಾಯಿಪಾಠ ಮಾಡಿಸಿದ್ದಾರಂತೆ. "ಆದ್ರೆ ಮೇಡಂ, ಒಬ್ಬಳು ಫೋನ್ ಹಿಡ್ಕೊಂಡು ಬಂದು ಮುಂದೆ ನಿಂತಾಗ ಮೊದಲು ಏನು ಮಾಡ್ಬೇಕು ಅಂತ ಯಾರೂ ಹೇಳಲೇ ಇಲ್ಲ" ಎಂದಳು. ನನಗೂ ಯಾರೂ ಹೇಳಿರಲಿಲ್ಲ. ನಾನು ಮೊದಲು ಮಾಡಿದ್ದು ತಪ್ಪನ್ನೇ. ಅದನ್ನು ಬರೆದುಕೊಡುತ್ತೇನೆ ಎಂದೆ.

ಮೊದಲ ಕರಡನ್ನು ಡೈರಿ ನೋಡದೆ ಬರೆದೆ. ಅದರಲ್ಲಿ ನಾನು ಬಹಳ ಒಳ್ಳೆಯವಳಾಗಿದ್ದೆ, ಬೇರೆಯವರು ತಪ್ಪು ಮಾಡಿದಾಗಲೆಲ್ಲ ನಾನು ಎಚ್ಚರಿಸಿದ್ದೆ. ಆಮೇಲೆ ಬೀರುವಿನ ಕೆಳಗಿನ ಖಾನೆಯಿಂದ ಡೈರಿಗಳನ್ನು ತೆಗೆದು ಓದಿದೆ. ಕರಡನ್ನು ಹರಿದುಹಾಕಿದೆ. ಇದು ಎರಡನೆಯದು. ಇದರಲ್ಲೂ ನೆನಪು ಎಲ್ಲೆಲ್ಲಿ ತನಗೆ ಬೇಕಾದಂತೆ ತಿದ್ದಿಕೊಂಡಿದೆಯೋ ಗೊತ್ತಿಲ್ಲ. ಗೊತ್ತಾದ ಕಡೆ ಹೇಳುತ್ತಾ ಹೋಗುತ್ತೇನೆ.

ಹಿಂದೂಪುರದ ಹೊರಗೆ ಒಂದು ಗಾರ್ಮೆಂಟ್ ಕಾರ್ಖಾನೆಯಲ್ಲಿ ನಾನು ಕ್ಷೇಮಾಧಿಕಾರಿಯಾಗಿದ್ದೆ. ನೇಯ್ಗೆಯವರ ಮನೆಯಲ್ಲಿ ಹುಟ್ಟಿ, ಅನಂತಪುರದಲ್ಲಿ ಸಮಾಜಶಾಸ್ತ್ರದ ಎಂ.ಎ. ಮಾಡಿಕೊಂಡು ಬಂದವಳು. ಹೆಸರು ದೊಡ್ಡದಾಗಿದ್ದರೂ ಕೆಲಸ ದಿನವೂ ಒಂದೇ: ಕ್ಯಾಂಟೀನಿನ ಸಾಂಬಾರು, ಶೌಚಾಲಯದ ನೀರು, ಕೂಸುಗಳ ಕೋಣೆ, ಬೆರಳಿಗೆ ಸೂಜಿ ಹೊಕ್ಕವರಿಗೆ ಟಿಂಚರು, ಒಬ್ಬರ ಕತ್ತರಿ ಇನ್ನೊಬ್ಬರು ಎತ್ತಿಟ್ಟುಕೊಂಡ ಜಗಳ. ಗುರುವಾರ ಮಾತ್ರ ಬೆಳಗ್ಗೆ ಎದ್ದು ಎರಡು ಬಸ್ಸು ಬದಲಾಯಿಸಿ ಕಲ್ಯಾಣದುರ್ಗಕ್ಕೆ ಹೋಗುತ್ತಿದ್ದೆ. ಅಲ್ಲಿ ನಮ್ಮ ಕಂಪನಿಯ ಸಣ್ಣ ಘಟಕವಿತ್ತು. ಕಂಬದೂರು, ಕುಂದುರ್ಪಿ ಕಡೆಯ ಹೆಂಗಸರು ಅಲ್ಲಿ ಟೈಲರ್‌ಗಳು, ಹೆಲ್ಪರ್‌ಗಳು.

ಬೇಡದ ಚಿತ್ರ ಎಂದರೆ ಫೋನಿನ ಜೊತೆ ಹುಟ್ಟಿದ್ದು ಎಂದು ಈಗಿನವರು ತಿಳಿದಿದ್ದಾರೆ. ನಾನು ಸೇರಿದ ಹೊಸತರಲ್ಲಿ ಅದು ಗೋಡೆಯ ಮೇಲಿರುತ್ತಿತ್ತು. ಹೆಂಗಸರ ಶೌಚಾಲಯಕ್ಕೆ ಹೋಗುವ ಓಣಿಯಲ್ಲಿ ಯಾರೋ ಬಟ್ಟೆಗೆ ಗುರುತು ಹಾಕುವ ಚಾಕ್‌ಪೀಸಿನಿಂದ ಒಂದು ಹೊಲಸು ಚಿತ್ರ ಬರೆದು, ಕೆಳಗೆ ಹನುಮಕ್ಕ ಎಂಬ ಟೈಲರ್‌ಳ ಹೆಸರು ಹಾಕಿದ್ದರು. ಚಾಕ್‌ಪೀಸು ನೀಲಿಯದು, ನೀಲಿ ಚಾಕ್‌ಪೀಸು ಕೊಡುತ್ತಿದ್ದದ್ದು ಕಟಿಂಗ್ ವಿಭಾಗಕ್ಕೆ ಮಾತ್ರ, ಆದ್ದರಿಂದ ನಾನು ಬರೆದವನನ್ನು ಊಹಿಸಿದ್ದೆ ಎಂದು ಇಷ್ಟು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಡೈರಿಯಲ್ಲಿ ಹಳದಿ ಚಾಕ್‌ಪೀಸು ಎಂದಿದೆ. ಹಳದಿ ಚಾಕ್‌ಪೀಸು ಎಲ್ಲರ ಹತ್ತಿರವೂ ಇರುತ್ತಿತ್ತು. ಅಂದರೆ ನಾನು ಏನನ್ನೂ ಊಹಿಸಿರಲಿಲ್ಲ.

ಆಗಿನ ಮ್ಯಾನೇಜರು ಓಣಿಗೆ ಬಂದು ನೋಡಿ, ಮುಖ ತಿರುಗಿಸಿಕೊಂಡು, "ಸುಣ್ಣ ಹೊಡ್ಸಿ" ಎಂದರು. ಹೊಡೆಸಿದೆ. ಹನುಮಕ್ಕ ನನ್ನ ಬಳಿ ಬಂದಳು.

"ಸುಣ್ಣ ಹೊಡ್ಸಿದ್ರಾ ಮೇಡಂ?"

"ಹೊಡೆಸಿದೆ ಕಣಮ್ಮ. ಈಗ ಏನೂ ಕಾಣ್ತಾ ಇಲ್ಲ."

"ಕಾಣ್ತೈತೆ ಮೇಡಂ. ಗೋಡೆ ಎಲ್ಲಾ ಮಣ್ಣಾಗೈತೆ, ಅದೊಂದ್ ಜಾಗ ಬೆಳ್ಳಗೈತೆ. ಹೋಗೋರು ಬರೋರೆಲ್ಲ ಅಲ್ಲೇ ನಿಂತ್ಕೊಂಡು ನೋಡ್ತಾವ್ರೆ."

ಹೋಗಿ ನೋಡಿದೆ. ನಿಜ. ಮಾರನೆಯ ದಿನ ಇಡೀ ಓಣಿಗೆ ಸುಣ್ಣ ಹೊಡೆಸಿದೆವು. ಬರೆದವನು ಯಾರು ಎಂದು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಚಿತ್ರ ಅಳಿದರೆ ಕೆಲಸ ಮುಗಿಯಿತು ಎಂಬುದು ಆಗಿನ ಪದ್ಧತಿ. ಕೆಲವು ವರ್ಷಗಳ ನಂತರ ಕೆಲಸದ ಜಾಗದಲ್ಲಿ ಹೆಂಗಸರಿಗೆ ಆಗುವ ಲೈಂಗಿಕ ಕಿರುಕುಳದ ವಿರುದ್ಧ ಕಾನೂನು ಬಂತು, ದೂರು ವಿಚಾರಿಸುವ ಸಮಿತಿ ಬಂತು, ಪದ್ಧತಿ ಪೂರ್ತಿ ತಿರುಗಿತು. ಚಿತ್ರವನ್ನು ಅಳಿಸಬಾರದು, ದಾಖಲೆಯಾಗಿ ಇಡಬೇಕು. ಸರಿಯಾದ ಮಾತೇ. ಆದರೆ ಇಡುವುದು ಹೇಗೆ ಎಂಬುದನ್ನು ನಾನು ನನ್ನ ತಲೆಯಿಂದ ಕಂಡುಹಿಡಿದೆ. ಅಲ್ಲೇ ಎಡವಿದ್ದು.

ಅವಳನ್ನು ಇಲ್ಲಿ ನಾಗಮಣಿ ಎಂದು ಕರೆಯುತ್ತೇನೆ. ಕಂಬದೂರಿನ ಹತ್ತಿರದ ಹಳ್ಳಿಯವಳು. ಗಂಡ ಪೆನುಕೊಂಡದ ಕಾರು ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸಕ್ಕಿದ್ದು ವಾರಕ್ಕೊಮ್ಮೆ ಬರುತ್ತಿದ್ದ. ಮನೆಯಲ್ಲಿ ಒಂಬತ್ತನೇ ತರಗತಿಯ ಮಗಳು, ಕುರಿ ಸಾಕುವ ಅತ್ತೆ ತಿಮ್ಮಕ್ಕ. ನಾಗಮಣಿ ಕಲ್ಯಾಣದುರ್ಗದ ಘಟಕದಲ್ಲಿ ಕಾಲರ್ ಹೊಲಿಯುತ್ತಿದ್ದಳು. ಕಾಲರ್ ಹೊಲಿಯುವವರು ಮಾತು ಕಡಿಮೆ, ಕೈ ತಪ್ಪಿದರೆ ಅಂಗಿಯೇ ಹೋಗುತ್ತದೆ. ಒಂದು ಗುರುವಾರ ಊಟದ ಬಿಡುವಿನಲ್ಲಿ ನನ್ನ ಮೇಜಿನ ಮುಂದೆ ನಿಂತಳು. ಫೋನನ್ನು ಬೋರಲು ಹಾಕಿ ಮೇಜಿನ ಮೇಲಿಟ್ಟಳು.

"ಇನ್‌ಚಾರ್ಜ್ ಸಾರು ಪೋಟೋ ಕಳಿಸ್ತಾರೆ ಮೇಡಂ" ಎಂದಳು.

"ಎಂಥ ಫೋಟೋ?"

ಅವಳು ಗ್ಯಾಲರಿ ತೆರೆದಳು. ಫೋನನ್ನು ನನ್ನ ಕಡೆ ತಳ್ಳಿದಳು. ಸ್ಕ್ರೀನ್‌ಶಾಟ್ ತೆಗೆದು, ಮೇಲೆ ಕೆಳಗೆ ಕತ್ತರಿಸಿ ಇಟ್ಟುಕೊಂಡಿದ್ದಳು. ಆ ಘಟಕದ ಫ್ಲೋರ್ ಇನ್‌ಚಾರ್ಜ್ ತನ್ನದೇ ಮೈಯ ಚಿತ್ರವನ್ನು ಕಳಿಸಿದ್ದ. ಅಷ್ಟು ಹೇಳಿದರೆ ಸಾಕು. ಅವನ ಹೆಸರು ಬರೆಯುವುದಿಲ್ಲ. ಅವನಿಗೂ ಮಕ್ಕಳಿದ್ದಾರೆ, ಅವರು ಏನು ಮಾಡಿದ್ದಾರೆ?

"ಬ್ಲಾಕ್ ಮಾಡಬಾರದಾ?" ಎಂದು ಕೇಳಿದೆ. ಇದೂ ಒಂದು ತಪ್ಪೇ.

"ಬ್ಲಾಕ್ ಮಾಡಿದ್ರೆ ರಜಾ ಹೆಂಗೆ ಹೇಳ್ಲಿ ಮೇಡಂ?"

ಆಗ ನನಗೆ ಹೊಳೆಯಿತು. ನಮ್ಮಲ್ಲಿ ಬರಲಾಗದ ದಿನ ಬೆಳಗ್ಗೆ ಏಳರೊಳಗೆ ಇನ್‌ಚಾರ್ಜ್‌ನ ಸ್ವಂತ ನಂಬರಿಗೆ ವಾಟ್ಸಾಪ್ ಮಾಡಬೇಕಿತ್ತು. ಮಾಡದಿದ್ದರೆ ಹೇಳದೆ ತಪ್ಪಿಸಿದ್ದು ಎಂದು ಹಾಕುತ್ತಿದ್ದರು. ಮೂರು ಸಲ ಹಾಗಾದರೆ ಹೆಸರು ಹೊಡೆದುಹಾಕುತ್ತಿದ್ದರು. ಆ ನಿಯಮವನ್ನು ಟೈಪು ಮಾಡಿ ನೋಟಿಸ್ ಬೋರ್ಡಿಗೆ ಅಂಟಿಸಿದವಳು ನಾನೇ. ಅವಳ ಮನೆಗೆಲ್ಲ ಇರುವುದು ಅದೊಂದೇ ಫೋನು. ಮಗಳ ಹೋಂವರ್ಕ್ ಅದಕ್ಕೇ ಬರುತ್ತಿತ್ತು. "ನಮ್ ಹುಡುಗಿ ಕೈಗೆ ಫೋನ್ ಕೊಡೋಕೇ ಭಯ ಮೇಡಂ. ನಮ್ ಯಜಮಾನ್ರಿಗೆ ಗೊತ್ತಾದ್ರೆ ಮೊದ್ಲು ಫೋನ್ ಕಿತ್ಕೊಂತಾರೆ, ಆಮೇಲೆ ಕೆಲ್ಸ ಬಿಡಿಸ್ತಾರೆ. ಅವ್ನಿಗೇನೂ ಆಗಲ್ಲ" ಎಂದಳು.

ಕೆಲಸ ಬಿಡಬಾರದು, ಚಿತ್ರ ಬರುವುದು ನಿಲ್ಲಬೇಕು. ಅವಳು ಕೇಳಿದ್ದು ಇಷ್ಟನ್ನೇ.

ನಾನು ಸಮಿತಿಯ ಸದಸ್ಯೆ, ಕಡತದ ಜವಾಬ್ದಾರಿ ನನ್ನದು. ನಿಯಮದಲ್ಲಿ ದೂರಿನ ಆರು ಪ್ರತಿಗಳನ್ನು ಪೂರಕ ದಾಖಲೆಗಳ ಸಮೇತ ಕೊಡಬೇಕೆಂದಿದೆ. ಅಲ್ಲಿಯವರೆಗೆ ನಮ್ಮ ಸಮಿತಿಗೆ ಬಂದಿದ್ದ ಒಂದೆರಡು ದೂರುಗಳು ಬಾಯಿಮಾತಿನವು. ಚಿತ್ರದ ದೂರು ಇದೇ ಮೊದಲು. ಆ ದಿನದ ಡೈರಿಯಲ್ಲಿ, ಅವಳ ಹೆಸರಿನ ಅಕ್ಷರವೊಂದು ಬಿಟ್ಟು, ಹೀಗಿದೆ: "ನಾ. ಬಂದಿದ್ದಳು. ಇನ್‌ಚಾರ್ಜ್ ವಿಷಯ. ಆರು ಪ್ರತಿ ತರಲು ಹೇಳಿದೆ. ಹಿಂದಿರುಗುವಾಗ ಬಸ್ಸಿನಲ್ಲಿ ಸೀಟು ಸಿಕ್ಕಿತು."

ಸೀಟು ಸಿಕ್ಕಿದ್ದನ್ನು ಬರೆದಿದ್ದೇನೆ. ಆರು ಪ್ರತಿ ಎಲ್ಲಿ ತೆಗೆಸುತ್ತಾಳೆ ಎಂದು ಯೋಚಿಸಿದ್ದರ ಗುರುತು ಎಲ್ಲೂ ಇಲ್ಲ. ನನ್ನ ನೆನಪಿನಲ್ಲಿ ಮಾತ್ರ, "ಆದರೆ ತಾ, ಆಗದಿದ್ದರೆ ಬೇಡ" ಎಂದು ಹೇಳಿದ ಹಾಗಿದೆ. ಡೈರಿಯಲ್ಲಿ ಆ ಮಾತಿಲ್ಲ. ಈಚೆಗೆ ನನಗೇ ಅನುಮಾನ, ಆ ಮಾತನ್ನು ನಾನು ಆಮೇಲೆ ಸೇರಿಸಿಕೊಂಡೆನೇನೋ ಎಂದು.

ಮುಂದಿನ ಗುರುವಾರ ನಾಗಮಣಿ ಬರಲಿಲ್ಲ. ಅವಳ ಮೆಷಿನ್ನಿನಲ್ಲಿ ಬೇರೆ ಯಾರೋ ಕೂತಿದ್ದರು. ಶುಕ್ರವಾರದಿಂದಲೇ ಬಂದಿಲ್ಲವಂತೆ. ಕ್ಯಾಂಟೀನಿನ ಹೆಂಗಸು ಪಾತ್ರೆ ತೊಳೆಯುತ್ತಾ ನನಗೆ ಕೇಳಿಸುವ ಹಾಗೆ ಹೇಳಿದಳು: "ಎಂತೆಂಥಾ ಪೋಟೋ ಪ್ರಿಂಟ್ ಹಾಕ್ಸೋರು ಅವ್ರೆ ನಮ್ಮಲ್ಲಿ! ಅದೂ ಆರಾರು!"

ಬಸ್ ನಿಲ್ದಾಣದ ಎದುರಿನ ಜೆರಾಕ್ಸ್ ಅಂಗಡಿಗೆ ಹೋದೆ. ಅಂಗಡಿಯವರು ರಾಮಾಂಜಿ, ನಡುವಯಸ್ಸಿನವರು, ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡೇ ಮಾತಾಡುವವರು. ನಾನು ಯಾರೆಂದು ಹೇಳಿದ ಕೂಡಲೇ ಕೈಯಲ್ಲಿದ್ದ ಕಾಗದ ಕೆಳಗಿಟ್ಟರು.

"ಆರು ಕಾಪಿ ಕೇಳಿದ್ದು ನೀವೇನಾ?"

"ನಾನೇ."

"ಏಮಿ ಮೇಡಂ, ಓದಿದೋರು ನೀವು!" ಎಂದು ಶುರುಮಾಡಿದರು. "ಆಯಮ್ಮ ಬಂತು, ಒಂದ್ ಮಾತಾಡ್ಲಿಲ್ಲ. ಆರು ಕಾಪಿ ಅಂತು. ಎಲ್ಲರ್ಗೂ ಹೇಳೋ ಹಂಗೆ ಗೋಡೆ ಮೇಲಿನ ನಂಬರ್ ತೋರ್ಸಿ, ವಾಟ್ಸಾಪ್ ಮಾಡಮ್ಮಾ ಅಂದೆ. ಆಧಾರೋ ಪಾಸ್‌ಬುಕ್ಕೋ ಅಂತ ಓಪನ್ ಮಾಡ್ಬುಟ್ಟೆ. ನನ್ ಕಂಪ್ಯೂಟ್ರು ನೋಡಿ ಹೆಂಗೈತೆ."

ಕಂಪ್ಯೂಟರಿನ ಪರದೆ ಗಿರಾಕಿಗಳ ಕಡೆ ಮುಖ ಮಾಡಿ ಇತ್ತು. ಹೆಸರು, ಊರು ತಪ್ಪಿದ್ದರೆ ಅವರೇ ನೋಡಿ ಹೇಳಲಿ ಎಂದು ಹಾಗಿಟ್ಟಿದ್ದರಂತೆ. ಆ ದಿನ ಅದರ ಮುಂದೆ ಐದಾರು ಜನ ಇದ್ದರು, ನಮ್ಮ ಕ್ಯಾಂಟೀನಿನ ಹೆಂಗಸೂ ಸೇರಿ.

"ಆಯಮ್ಮ ಫೋನ್ ಎತ್ಕೊಂಡು ಹೊಂಟೇ ಹೋಯ್ತು. ನಿಂತ್ಕೋ ತಾಯಿ ಅಂತ ಕೂಗ್ದೆ. ತಿರುಗಿ ನೋಡ್ಲಿಲ್ಲ."

"ಆ ಚಿತ್ರ..." ಎಂದೆ.

"ಆವತ್ತೇ ಅಳಿಸ್ದೆ. ನಂಬಿಕೆ ಇಲ್ದಿದ್ರೆ ಬನ್ನಿ ಇಲ್ಲಿ." ನನ್ನನ್ನು ಒಳಗೆ ಕರೆದು ಒಂದೊಂದೇ ತೆರೆದು ತೋರಿಸಿದರು: ಅಂಗಡಿಯ ಫೋನಿನ ವಾಟ್ಸಾಪ್, ಅದರ ಗ್ಯಾಲರಿ, ಕಂಪ್ಯೂಟರಿನ ಡೌನ್‌ಲೋಡ್, ಕೊನೆಗೆ ಕಸದ ಬುಟ್ಟಿ. ಎಲ್ಲೂ ಇರಲಿಲ್ಲ. ಒಂದು ಚಿತ್ರ ಒಂದು ಸಲ ಕಳಿಸಿದರೆ ನಾಲ್ಕು ಕಡೆ ಕೂತಿರುತ್ತದೆ ಎಂಬುದನ್ನು ನಾನು ಕಲಿತದ್ದು ಯಾವ ತರಬೇತಿಯಲ್ಲೂ ಅಲ್ಲ, ರಾಮಾಂಜಿಯವರ ಅಂಗಡಿಯಲ್ಲಿ ನಿಂತುಕೊಂಡು. ಅಲ್ಲೇ ಸ್ಟೂಲಿನ ಮೇಲೆ ಕುಳಿತುಬಿಟ್ಟೆ. ಅವರು ನೀರು ಕೊಟ್ಟರು. ಬೈಗುಳ ಮಾತ್ರ ನಿಲ್ಲಿಸಲಿಲ್ಲ.

ಅಷ್ಟರೊಳಗೆ ವಿಷಯ ಹಿಂದೂಪುರಕ್ಕೂ ಮುಟ್ಟಿತ್ತು. ನಮ್ಮ ಮ್ಯಾನೇಜರು ಪ್ರಭಾಕರ ಅವರು ಕೋಸ್ತಾ, ಅಂದರೆ ಆಂಧ್ರದ ಕರಾವಳಿ ಕಡೆಯವರು, ನೇರವಾಗಿ ಕೆಟ್ಟವರಲ್ಲ. ಯಾವ ಸಮಸ್ಯೆಯೂ ಶನಿವಾರದೊಳಗೆ ಮುಗಿಯಬೇಕು ಎನ್ನುವವರು. "ಮೇಡಂ ಗಾರೂ, ಆ ಇನ್‌ಚಾರ್ಜ್ ಏನ್ ಹೇಳ್ತಾನೆ ಗೊತ್ತಾ? ಫೋನು ಇಡೀ ದಿನ ಟೇಬಲ್ ಮೇಲೆ ಬಿದ್ದಿರುತ್ತೆ, ಲಾಕ್ ನಂಬರು ಲೈನಿಗೆಲ್ಲ ಗೊತ್ತು, ಯಾರು ಕಳಿಸಿದ್ರೋ ನಂಗೆ ತಿಳೀದು ಅಂತಾನೆ. ಚಿತ್ರದಲ್ಲಿ ಮುಖ ಇಲ್ಲ ಕದಾ? ಇನ್ನು ಆಯಮ್ಮ ಅದನ್ನ ಬಜಾರಲ್ಲಿ ಪ್ರಿಂಟ್ ಹಾಕ್ಸೋಕೆ ಹೋಗಿದಾಳೆ. ಹಂಚಿದ್ದು ಯಾರು ಅಂತ ಕೇಳಿದ್ರೆ ಏನ್ ಹೇಳ್ತೀರಿ? ಆಕೇನೇ ಬರ್ತಿಲ್ಲ. ಕ್ಲೋಜ್ ಮಾಡಿ."

"ಪ್ರಿಂಟ್ ಹಾಕಿಸೋಕೆ ಹೇಳಿದ್ದು ನಾನು ಸಾರ್" ಎಂದೆ. ಈ ಮಾತು ಡೈರಿಯಲ್ಲಿದೆ, ಆದ್ದರಿಂದ ಹೇಳಿದ್ದು ನಿಜವಿರಬೇಕು. ಅವರು ನನ್ನ ಮುಖ ನೋಡಿದರು. "ಶನಿವಾರದವರೆಗೆ ಟೈಮ್ ಇದೆ" ಎಂದರು.

ಮಾರನೆಯ ದಿನವೇ ಕಲ್ಯಾಣದುರ್ಗಕ್ಕೆ ಹೋಗಿ, ಅಲ್ಲಿಂದ ಆಟೋದಲ್ಲಿ ಕಂಬದೂರಿನ ಕಡೆ ಹೊರಟೆ. ಆಟೋ ತುಂಬ ಜನ. ನನ್ನ ತೊಡೆಯ ಮೇಲೆ ಯಾರದೋ ಹಿಂಡಿಯ ಚೀಲ. ದಾರಿಯುದ್ದಕ್ಕೂ ನನಗಿದ್ದದ್ದು ಆ ಅತ್ತೆಯ ಭಯ. ಜೆರಾಕ್ಸ್ ಅಂಗಡಿಯ ಸುದ್ದಿ ಕ್ಯಾಂಟೀನಿಗೆ ಬಂದಿದೆಯೆಂದರೆ ಹಳ್ಳಿಗೂ ಬಂದಿರುತ್ತದೆ. ಸೊಸೆಯನ್ನು ಏನು ಮಾಡಿರುತ್ತಾರೋ, ನನ್ನನ್ನು ಏನು ಮಾಡುತ್ತಾರೋ.

ಮನೆಯ ಮುಂದೆ ತಿಮ್ಮಕ್ಕ ಕುರಿಮರಿಯೊಂದನ್ನು ಕಾಲ ಸಂದಿಯಲ್ಲಿ ಹಿಡಿದುಕೊಂಡು ಅದರ ಗೊರಸಿಗೆ ಎಣ್ಣೆ ಹಚ್ಚುತ್ತಿದ್ದರು. ಎದ್ದೇಳಲಿಲ್ಲ.

"ಕಂಪ್ನಿ ಮೇಡಮ್ಮನಾ?"

"ಹೌದಮ್ಮ."

"ಬಾ ಕೂತ್ಕೋ. ಬೈಯೋಕ್ ಬಂದಿದ್ರೆ ನನ್ನ ಬೈಯಿ ಕಣಮ್ಮ. ಅವ್ಳ ತಂಟೆಗ್ ಹೋಗ್ಬೇಡ. ಬೈದೋಳು ನಾನು."

ನನಗೆ ಏನೂ ಅರ್ಥವಾಗಲಿಲ್ಲ. ಒಳಗಿಂದ ನಾಗಮಣಿ ಓಡಿಬಂದಳು. "ಅತ್ತೆ, ಸುಮ್ನಿರ್ರಿ, ನಿಮ್ಗೇನೂ ಗೊತ್ತಿಲ್ಲ" ಎಂದಳು.

"ಏನ್ ಸುಮ್ನಿರೋದು? ಎಷ್ಟ್ ದಿನ ಮುಚ್ಚಿಕ್ಕೊಂತೀಯಾ? ನನ್ ದೆಸೆಯಿಂದ ನಿನ್ ಕೆಲ್ಸ ಹೋಯ್ತಲ್ಲ ಅಂತ ನಂಗೆ ಅನ್ನ ಇಳೀತಿಲ್ಲ." ತಿಮ್ಮಕ್ಕ ಮರಿಯನ್ನು ಬಿಟ್ಟು ಸೆರಗಿಗೆ ಕೈ ಒರೆಸಿಕೊಂಡರು. "ನೋಡಮ್ಮ, ಒಂದಿನ ಇವ್ಳು ಬಟ್ಟೆ ಒಗ್ಯೋಕೆ ಹೋಗಿದ್ಲು. ಫೋನ್ ಟಣ್ ಅಂತು. ಮಗ ಏನಾದ್ರೂ ಕಳಿಸವ್ನಾ ಅಂತ ಒತ್ತಿದ್ರೆ ಆ ಮುಂಡೇದರ ಪೋಟ! ನಂಗೆ ಓದೋಕ್ ಬರಲ್ಲ, ಬರೆಯೋಕ್ ಬರಲ್ಲ. ಆ ಮೈಕ್ ಗುರ್ತು ಒತ್ತಿ ಹಿಡ್ಕೊಂಡು ಮಾತಾಡ್ಬೇಕು ಅಂತ ಮೊಮ್ಮಗ್ಳು ಹೇಳ್ಕೊಟ್ಟಿದ್ಲು, ಮಗನ್ ಜೊತೆ ಹಂಗೇ ಮಾತಾಡ್ತೀನಿ. ಒತ್ತಿ ಹಿಡ್ಕೊಂಡೆ. ಬೈದೆ."

ನಾಗಮಣಿ ತಲೆ ತಗ್ಗಿಸಿದಳು. "ಭಾಳ ಬೈದ್ಬುಟ್ಟವ್ರೆ ಮೇಡಂ. ಹೊರಗ್ ಬಂದ್ರೆ ನಮ್ ಮೇಲೇ ಕೇಸ್ ಹಾಕ್ತಾರೆ. ಅದ್ಕೇ ಪೋಟೋ ಕತ್ತರಿಸಿ ತೋರಿಸ್ದೆ."

ಅವಳು ಮೇಲೆ ಕೆಳಗೆ ಕತ್ತರಿಸಿಕೊಂಡು ಬಂದದ್ದು ಇದಕ್ಕೆ. ಕತ್ತರಿಸಿದ್ದನ್ನು ನೋಡಿಯೂ ಮೇಲೇನಿತ್ತು, ಕೆಳಗೇನಿತ್ತು ಎಂದು ನಾನು ಕೇಳಿರಲಿಲ್ಲ. ಈಗ ಕೇಳಿದೆ. "ನೀವು ಬೈದ ಮೇಲೆ ಅವನು ಏನಾದರೂ ಹೇಳಿದನಾ?"

"ಹೇಳ್ದ ಕಣಮ್ಮ. ಅದೇನೋ ಬೆಕ್ಕಿನ್ ದನಿ ಮಾಡ್ಕೊಂಡು."

ಅದನ್ನು ಕೇಳಿಸಲು ನಾಗಮಣಿ ಬಲು ಹೊತ್ತು ಒಪ್ಪಲಿಲ್ಲ. ತಿಮ್ಮಕ್ಕನೇ ಅವಳ ಕೈಯಿಂದ ಫೋನು ತೆಗೆದು ನನಗೆ ಕೊಟ್ಟರು. ನಾನು ಚಿತ್ರಗಳ ಕಡೆ ಹೋಗದೆ ದನಿಯ ಪಟ್ಟಿಯನ್ನು ಮಾತ್ರ ಒತ್ತಿದೆ. ಮೊದಲು ತಿಮ್ಮಕ್ಕ:

"ಯಾವನ್ಲಾ ನೀನು? ಆಪೀಸರ್ ಅಂತೆ, ಆಪೀಸರು! ನಮ್ ಟಗರ್ಗೂ ನಿಂಗಿಂತ ಮಾನ ಐತೆ ಕಣ್ಲಾ. ಇನ್ನೊಂದ್ಸಲ ಈ ಪೋಟ ಬರ್ಲಿ, ಹೋತನ ಬೀಜ ಒಡ್ಯೋ ಇಕ್ಕುಳ ಎತ್ಕೊಂಡು ನಿನ್ ಕಂಪ್ನಿ ಬಾಗ್ಲಿಗೇ ಬತ್ತೀನಿ!"

ಅದರ ಕೆಳಗೆ, ಹತ್ತು ನಿಮಿಷದ ನಂತರ, ಒಂದು ಗಂಡಸಿನ ದನಿ. ಪ್ರತಿ ಗುರುವಾರ ನನಗೆ ನಮಸ್ಕಾರ ಹೇಳುತ್ತಿದ್ದ ದನಿಯೇ:

"ಅಮ್ಮಾ, ಅಮ್ಮಾ, ಬೈಬೇಡಿ. ನಾನೇ ಕಳಿಸ್ದೆ, ಬೇರೆಯೋರ್ಗೆ ಕಳಿಸೋದು ತಪ್ಪಿ ನಿಮ್ಗೆ ಬಂತು. ಆಫೀಸ್‌ನಾಗೆ ಯಾರ್ಗೂ ಹೇಳ್ಬೇಡಿ, ನಿಮ್ ಕಾಲಿಗ್ ಬೀಳ್ತೀನಿ."

ಅದರ ಕೆಳಗೆ, ನಾಲ್ಕು ದಿನ ಬಿಟ್ಟು, ಮತ್ತೆ ಎರಡು ಚಿತ್ರ.

ಫೋನು ಮೇಜಿನ ಮೇಲೆ ಬಿದ್ದಿತ್ತು, ಯಾರು ಕಳಿಸಿದರೋ ತಿಳಿಯದು ಎಂದವನು ತನ್ನ ಬಾಯಿಂದಲೇ ನಾನೇ ಕಳಿಸಿದೆ ಎಂದಿದ್ದ. ತಪ್ಪಿ ಬಂತು ಎಂದವನು ಮತ್ತೆ ಕಳಿಸಿದ್ದ. ನಾನು ಆರಲ್ಲ, ಅರವತ್ತು ಪ್ರತಿ ತೆಗೆಸಿದ್ದರೂ ಕಾಗದದ ಮೇಲೆ ಈ ದನಿ ಬರುತ್ತಿರಲಿಲ್ಲ. ನಾಗಮಣಿಗೆ ಇದನ್ನು ಬಿಡಿಸಿ ಹೇಳಿದೆ. ಅವಳು ಎರಡು ಸಲ ಕೇಳಿದಳು: "ಅತ್ತೆ ಮೇಲೆ ಕೇಸ್ ಆಗಲ್ವಾ?" ಆಗುವುದಿಲ್ಲ ಎಂದೆ. ಆಗುವುದಿಲ್ಲ ಎಂಬುದು ನನಗೆ ಖಚಿತವಿರಲಿಲ್ಲ. ಆ ಸುಳ್ಳನ್ನು ಹೇಳಿದ್ದೂ ಡೈರಿಯಲ್ಲಿದೆ.

ಹೊರಡುವ ಮೊದಲು ಅವಳಲ್ಲಿ ಕ್ಷಮೆ ಕೇಳಬೇಕಿತ್ತು. ಕೇಳಿದೆನೇ? ನೆನಪು ಹೌದೆನ್ನುತ್ತದೆ. ಡೈರಿಯಲ್ಲಿ "ಮಜ್ಜಿಗೆ ಕೊಟ್ಟರು, ಕುಡಿದೆ" ಎಂದಷ್ಟೇ ಇದೆ.

ವಿಚಾರಣೆ ಹಿಂದೂಪುರದಲ್ಲಿ ನಡೆಯಿತು. ಕರೆದಿದ್ದು ನಾಗಮಣಿಯನ್ನು. ತಿಮ್ಮಕ್ಕನೂ ಬಂದಿದ್ದರು. ಗೇಟಿನಲ್ಲಿ ವಾಚ್‌ಮನ್ ಚೀಲ ತೆರೆದು ತೋರಿಸಿ ಎಂದಾಗ, "ಇಕ್ಕುಳ ತಂದಿಲ್ಲ ಕಣಪ್ಪ, ರೊಟ್ಟಿ ಐತೆ" ಎಂದರಂತೆ. ಅವನಿಗೆ ಏನೂ ತಿಳಿಯದೆ ಒಳಗೆ ಬಿಟ್ಟ.

ಸಮಿತಿಯಲ್ಲಿ ಹೊರಗಿನ ಸದಸ್ಯೆಯಾಗಿ ಅನಂತಪುರದಿಂದ ಒಬ್ಬ ವಕೀಲರು ಬರುತ್ತಿದ್ದರು, ಬಹಳ ಕಡಿಮೆ ಮಾತಿನವರು. ನಾನು ಮೊದಲೇ ಅವರೊಂದಿಗೆ ಮಾತಾಡಿ ಒಂದು ಏರ್ಪಾಡು ಮಾಡಿದ್ದೆ. ಚಿತ್ರವನ್ನು ಎಲ್ಲರೂ ನೋಡುವುದು ಬೇಡ, ಪ್ರತಿಯೂ ಬೇಡ. ಫೋನನ್ನು ಅವರೊಬ್ಬರೇ ನೋಡಿ, ಏನಿದೆ ಎಂದು ಎರಡು ಸಾಲು ಬರೆದು, ದಿನ ಹೊತ್ತು ಹಾಕಿ ಸಹಿ ಮಾಡಬೇಕು. ಅವರು ಹಾಗೇ ಮಾಡಿದರು. ಆಮೇಲೆ ದನಿಗಳನ್ನು ಹಾಕಿದೆವು.

ತಿಮ್ಮಕ್ಕನ ಬೈಗುಳ ಕೋಣೆಯಲ್ಲೆಲ್ಲ ತುಂಬಿತು. ಸಮಿತಿಯ ಹೆಂಗಸರು ಕೈಯಲ್ಲಿದ್ದ ಕಾಗದದೊಳಗೆ ಮುಖ ಹುದುಗಿಸಿಕೊಂಡರು. ಕಂಪನಿಯ ಕಡೆಯಿಂದ ಕೂತಿದ್ದ ಪ್ರಭಾಕರ ಅವರು ಮಾತ್ರ ಬಿಗಿಯಾಗಿ, "ಇದು ಬೆದರಿಕೆ ಕದಾ ಮೇಡಂ?" ಎಂದರು. ನಾಗಮಣಿಯ ಕೈ ನನ್ನ ತೋಳನ್ನು ಹಿಡಿಯಿತು.

ವಕೀಲರು ಕತ್ತೆತ್ತದೆ ಕೇಳಿದರು: "ಇಕ್ಕುಳ ತಗೊಂಡು ಬಂದಿದ್ದರಾ?"

"ಇಲ್ಲ" ಎಂದೆ.

"ಹಾಗಾದರೆ ಮುಂದಿನದು ಹಾಕಿ."

ಮುಂದಿನದು ಅವನ ದನಿ. 'ನಾನೇ ಕಳಿಸ್ದೆ' ಎಂಬಲ್ಲಿಗೆ ಬಂದಾಗ ವಕೀಲರು ಮತ್ತೊಮ್ಮೆ ಹಾಕಿಸಿದರು. ಪ್ರಭಾಕರ ಅವರು ಪೆನ್ನಿನ ಕ್ಯಾಪು ಮುಚ್ಚಿದರು. ಆಮೇಲೆ ಅವನನ್ನು ಕರೆಸಿದಾಗ ಅವನು ಟೇಬಲ್ಲು, ಲಾಕ್ ನಂಬರು ಎಂದು ಶುರುಮಾಡಿದ. ಅವನ ದನಿಯನ್ನು ಅವನಿಗೇ ಕೇಳಿಸಿದೆವು. ಕುರ್ಚಿಯ ಹಿಂಬದಿ ಹಿಡಿದುಕೊಂಡು ನಿಂತ. ನಾಗಮಣಿಯಂತೆಯೇ ಇನ್ನೂ ಇಬ್ಬರು ಮುಂದಿನ ವಾರ ನನ್ನ ಬಳಿ ಬಂದರು. ಅವರಿಗೆ ನಾನು ಪ್ರತಿ ಕೇಳಲಿಲ್ಲ. ಕಂಪನಿ ಅವನನ್ನು ಕೆಲಸದಿಂದ ತೆಗೆಯಿತು.

ಅಲ್ಲಿಗೆ ಮುಗಿಯಿತು ಎಂದು ಪ್ರಭಾಕರ ಅವರು ಅಂದುಕೊಂಡಿದ್ದರು. ನಾನು ರಜೆಯ ನಿಯಮದ ಕಡತ ಹಿಡಿದು ಹೋದೆ. ರಜೆಯ ಸುದ್ದಿ ಯಾವ ಇನ್‌ಚಾರ್ಜ್‌ನ ಸ್ವಂತ ನಂಬರಿಗೂ ಹೋಗಕೂಡದು, ಆಫೀಸಿನ ಒಂದೇ ನಂಬರಿಗೆ ಬರಬೇಕು, ಆ ಫೋನು ನನ್ನ ಮೇಜಿನ ಮೇಲಿರಬೇಕು ಎಂದು ಬರೆದಿದ್ದೆ. "ಲೈನಿಗೆ ಸುದ್ದಿ ತಡ ಆಗುತ್ತೆ ಮೇಡಂ ಗಾರೂ" ಎಂದರು. "ಹತ್ತು ನಿಮಿಷ" ಎಂದೆ. ಸಹಿ ಹಾಕಿದರು. ನನ್ನನ್ನು ನೋಡದೆ, "ಆ ಮುಸಲಮ್ಮ ಚೆನ್ನಾಗಿದ್ದಾರಾ?" ಎಂದು ಕೇಳಿದರು. ಅವರ ತೆಲುಗಿನಲ್ಲಿ ಮುದುಕಿ ಎಂದರೆ ತಾತ್ಸಾರವಲ್ಲ ಎಂದು ಆ ದಿನ ತಿಳಿಯಿತು.

ಹೊಸ ನಂಬರನ್ನು ಕಲ್ಯಾಣದುರ್ಗದ ನೋಟಿಸ್ ಬೋರ್ಡಿಗೆ ನಾನೇ ಅಂಟಿಸಿದೆ. ಊಟದ ಬಿಡುವಿನಲ್ಲಿ ಹೆಂಗಸರು ಡಬ್ಬಿ ತೆರೆಯುವುದನ್ನು ಬಿಟ್ಟು ಫೋನ್ ತೆರೆದರು. ಬೋರ್ಡಿನ ನಂಬರನ್ನು ಸೇರಿಸಿಕೊಂಡು, ಆಮೇಲೆ ಒಬ್ಬರಿಗೊಬ್ಬರು ತೋರಿಸಿಕೊಡತೊಡಗಿದರು. "ಮೂರ್ ಚುಕ್ಕಿ ಒತ್ತು." "ಒತ್ತಿದೆ." "ಕೆಳಕ್ ಹೋಗು. ಕೆಂಪ್ ಅಕ್ಷರ ಐತಲ್ಲ, ಬ್ಲಾಕ್ ಅಂತ, ಅದು." "ಇವ್ನೊಬ್ನೇನಾ, ಇವ್ನಿಗಿಂತ ಮುಂಚೆ ಇದ್ದ ಇನ್‌ಚಾರ್ಜ್‌ನೂ ಮಾಡ್ಲಾ?" "ಮಾಡ್ಬುಡೇ, ಏನ್ ಖರ್ಚಾಗ್ತೈತೆ?" ನಗು, ಮತ್ತೆ ನಗು. ಆ ಮಧ್ಯಾಹ್ನ ಎಷ್ಟು ಹೆಸರುಗಳು ಆ ಕೆಂಪಕ್ಷರದ ಕೆಳಗೆ ಹೋದವೋ. ನಾನು ಬೋರ್ಡಿನ ಪಿನ್ನನ್ನು ಸುಮ್ಮನೆ ಮತ್ತೆ ಮತ್ತೆ ಒತ್ತುತ್ತಾ ನಿಂತಿದ್ದೆ. ನಾಗಮಣಿ ಅವರಲ್ಲಿರಲಿಲ್ಲ. ಸೋಮವಾರ ಬಂದಳು. ಸೀದಾ ಹೋಗಿ ತನ್ನ ಮೆಷಿನ್ನಿನ ಮುಂದೆ ಕೂತು, ದಾರ ಪೋಣಿಸಿ, ಮೊದಲ ಕಾಲರ್ ಎತ್ತಿಕೊಂಡಳು.

ಇದನ್ನು ಬೇರೆಯವರ ಕೈಗೆ ಕೊಡುವ ಮೊದಲು ಅವಳ ಒಪ್ಪಿಗೆ ಬೇಕಿತ್ತು. ಇವತ್ತು ಕಲ್ಯಾಣದುರ್ಗಕ್ಕೆ ಹೋಗಿದ್ದೆ. ಅಭ್ಯಾಸ ಬಿಡದೆ ಗುರುವಾರವೇ ಹೋದೆ. ರಾಮಾಂಜಿಯವರ ಅಂಗಡಿ ಹಾಗೇ ಇದೆ, ಕಂಪ್ಯೂಟರಿನ ಮುಖ ಮಾತ್ರ ಈಗ ಗೋಡೆಯ ಕಡೆ. ನಾಗಮಣಿ ಕೆಲಸ ಮುಗಿಸಿ ಬಸ್ ನಿಲ್ದಾಣಕ್ಕೆ ಬಂದಳು. ಅವಳೀಗ ಸಮಿತಿಯಲ್ಲಿದ್ದಾಳೆ. ನನ್ನ ಕುರ್ಚಿಯ ಹುಡುಗಿಗೆ ನಿಜವಾಗಿ ಕೆಲಸ ಹೇಳಿಕೊಡುತ್ತಿರುವುದು ನಾನಲ್ಲ, ಅವಳು. ಯಾರಾದರೂ ಫೋನ್ ಹಿಡಿದುಕೊಂಡು ಬಂದರೆ ಮೊದಲು ಕೂರಿಸುತ್ತಾಳಂತೆ. "ತೋರಿಸ್ಬೇಡ, ಅಳಿಸ್ಬೇಡ, ಯಾರ್ಗೂ ಕಳಿಸ್ಬೇಡ. ಮೊದ್ಲು ಬಾಯಲ್ಲಿ ಹೇಳು ಅಂತೀನಿ ಮೇಡಂ. ಹೇಳೋಕ್ ಬಂದ್ರೆ ಅರ್ಧ ಹಗುರ ಆಗ್ತಾರೆ."

ಬರೆಯುವ ವಿಷಯ ಹೇಳಿದೆ. "ಬರೀರಿ. ನನ್ ಹೆಸ್ರು ಬೇರೆ ಹಾಕಿ, ಹುಡುಗಿ ಮದ್ವೆಗೈತೆ. ಅತ್ತೆ ಹೆಸ್ರು ಮಾತ್ರ ಬದ್ಲಾಯಿಸ್ಬೇಡಿ, ಅವ್ರ್ಗೆ ಕೋಪ ಬತ್ತೈತೆ" ಎಂದಳು.

ಆಗ ಕೇಳಿದೆ, ಇಷ್ಟು ವರ್ಷ ಕೇಳಲಾಗದ್ದನ್ನು. "ನಾಗಮಣಿ, ಆವತ್ತು ಪ್ರತಿ ತರೋಕೆ ಹೇಳಿದಾಗ, ಆಗದಿದ್ದರೆ ಬೇಡ ಅಂತ ನಾನು ಹೇಳಿದ್ದೆನಾ?"

ಅವಳು ನನ್ನ ಮುಖವನ್ನೇ ನೋಡಿದಳು.

"ಇಲ್ಲ ಮೇಡಂ."

"ಏನ್ ಹೇಳಿದ್ದೆ?"

"ಆರು ಕಾಪಿ ತಾ ಅಂದ್ರಿ. ನಾನು ಬಾಗ್ಲವರ್ಗೂ ಹೋಗಿದ್ದೆ, ಮತ್ತೆ ಕರೆದ್ರಿ. ಕಲರ್ ಬೇಡ, ಸುಮ್ನೆ ದುಡ್ಡು, ಬ್ಲಾಕ್ ಅಂಡ್ ವೈಟ್ ಸಾಕು ಅಂದ್ರಿ."

ನಾನು ಕಣ್ಣು ಮುಚ್ಚಿಕೊಂಡೆ. ಅವಳ ಖರ್ಚು ಉಳಿಸಲು ಹೇಳಿರಬೇಕು. ಆ ಹೊತ್ತಿನಲ್ಲಿ ನನಗೆ ಹೊಳೆದ ದಯೆ ಅಷ್ಟೇ. ಕಣ್ಣು ತೆರೆದಾಗ ನಾಗಮಣಿ ನಗುತ್ತಿದ್ದಳು. ಸೆರಗು ಬಾಯಿಗೊತ್ತಿಕೊಂಡು, ಭುಜ ಕುಣಿಯುವ ಹಾಗೆ. "ಅತ್ತೆಗೆ ಹೇಳಿದ್ನಿ ಮೇಡಂ ಆವಾಗ್ಲೇ. ಇವತ್ತಿಗೂ ಯಾರಾದ್ರೂ ಪೆದ್ದು ಮಾತಾಡಿದ್ರೆ, ಕಲರ್ ಬೇಡ ಕಣಮ್ಮ ಅಂತಾರೆ." ನನಗೂ ನಗು ಬಂತು. ಅಲ್ಲಿಯೇ ಕಲ್ಲುಬೆಂಚಿನ ಮೇಲೆ ಕ್ಷಮಿಸು ಎಂದೆ. ಈ ಸಲ ಹೇಳಿದ್ದು ನಿಜ, ಈಗಷ್ಟೇ ಬರೆಯುತ್ತಿದ್ದೇನೆ. "ಬುಡಿ ಮೇಡಂ, ಮನೆವರ್ಗೂ ಬಂದ್ರಲ್ಲ" ಎಂದಳು. ಕಂಬದೂರಿನ ಬಸ್ಸು ಬಂತು. "ಬತ್ತೀನಿ" ಎಂದು ಹತ್ತಿಕೊಂಡಳು.

ಮನೆಗೆ ಬಂದು ಆ ವರ್ಷದ ಡೈರಿ ತೆಗೆದೆ. 'ಆರು ಪ್ರತಿ ತರಲು ಹೇಳಿದೆ' ಎಂಬುದಕ್ಕೂ ಬಸ್ಸಿನ ಸೀಟಿಗೂ ನಡುವೆ ಸ್ವಲ್ಪ ಜಾಗವಿತ್ತು. ಅಲ್ಲಿ, ಇವತ್ತಿನ ತಾರೀಖು ಹಾಕಿ, ಸಣ್ಣ ಅಕ್ಷರದಲ್ಲಿ ಸೇರಿಸಿದೆ: "ಬ್ಲಾಕ್ ಅಂಡ್ ವೈಟ್ ಸಾಕು ಎಂದೂ ಹೇಳಿದೆ."